ತೊಗಟೆಯ ಮೇಲಿನ ಎಲೆ ಲಿವರ್‌ವರ್ಟ್: ಅಡಿಮಗ್ಗುಲು ನೋಡದೆ ಹೆಸರಿಡಬಹುದೇ?

ತೊಗಟೆಯೋದುಗ:

ಎಲ್ಲರಿಗೂ ನಮಸ್ಕಾರ. ಹಾವಸೆ ಕಂಡಲ್ಲೆಲ್ಲ ಬಗ್ಗಿ ನೋಡುವ ಚಟ ನನಗೆ ಮೂರು ವರ್ಷಗಳಿಂದ ಅಂಟಿಕೊಂಡಿದೆ. ಆದರೆ ಹಾವಸೆಯ ಸಂಬಂಧಿಗಳಾದ, ಹೂವಿಲ್ಲದ ಪುಟ್ಟ ಸಸ್ಯಗಳಾದ ಲಿವರ್‌ವರ್ಟ್‌ಗಳ ವಿಷಯದಲ್ಲಿ ನಾನಿನ್ನೂ ಅಕ್ಷರಾಭ್ಯಾಸದ ಹಂತದಲ್ಲೇ ಇದ್ದೇನೆ. ನೆರಳಿನಲ್ಲಿರುವ ಒಂದು ಮರದ ಕಾಂಡದ ಮೇಲೆ, ಎದೆಮಟ್ಟದ ಎತ್ತರದಲ್ಲಿ, ಅಂಗೈಯಗಲದ ಹಳದಿಮಿಶ್ರಿತ ಹಸಿರು ಚಾಪೆಯೊಂದು ಹರಡಿಕೊಂಡಿತ್ತು. ಅದು ತೊಗಟೆಗೆ ಎಷ್ಟು ಒತ್ತಿಕೊಂಡಿತ್ತೆಂದರೆ ಉಗುರಿನಿಂದ ಎಬ್ಬಿಸಲು ಹೋದರೆ ತೊಗಟೆಯ ಚೂರೇ ಕಿತ್ತು ಬಂತು. ಹತ್ತುಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದಾಗ ಎಲೆಗಳು ದುಂಡಗೆ, ಕಾಂಡದ ಎರಡೂ ಬದಿಗೆ ಒಂದೊಂದು ಸಾಲಿನಲ್ಲಿ, ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡು ಜೋಡಿಸಿಟ್ಟಂತೆ ಕಂಡವು. ಎಲೆಗಳೂ ಸೇರಿ ಒಂದು ಕವಲಿನ ಅಗಲ ಒಂದೂವರೆಯಿಂದ ಎರಡು ಮಿ.ಮೀ. ಇರಬಹುದು. ನಡುನರ ಎಲ್ಲಿಯೂ ಕಾಣಲಿಲ್ಲ. ಹಳೆಯ ಎಲೆಗಳ ಅಂಚು ಮಾತ್ರ ಯಾವುದೋ ಹುಳ ತಿಂದು ಬಿಟ್ಟಂತೆ ತರಿತರಿಯಾಗಿತ್ತು. ಪುಸ್ತಕದ ಚಿತ್ರಗಳೊಂದಿಗೆ ಹೋಲಿಸಿ ‘ಲೆಜೂನಿಯಾ’ (ಲಿವರ್‌ವರ್ಟ್‌ಗಳ ಒಂದು ಕುಲ) ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಮೇಲಿನಿಂದ ತೆಗೆದ ನಾಲ್ಕು ಚಿತ್ರಗಳನ್ನು ಹಾಕಿದ್ದೇನೆ. ನನ್ನ ಊಹೆ ಸರಿಯೇ, ತಿಳಿದವರು ಹೇಳಬೇಕು.

ಹಸಿರುಮಸೂರ:

ಚಿತ್ರಗಳು ಚೆನ್ನಾಗಿವೆ, ಆದರೆ ನಾಲ್ಕೂ ಒಂದೇ ಮಗ್ಗುಲಿನವು. ಇದು ಲಿವರ್‌ವರ್ಟ್ ಎಂಬುದು ಬಹುಮಟ್ಟಿಗೆ ಖಚಿತ. ಎಲೆಗಳು ಎರಡು ಸಾಲಿನಲ್ಲಿರುವ ಹಾವಸೆಗಳೂ ಇವೆ, ನಡುನರವಿಲ್ಲದ ಹಾವಸೆಗಳೂ ಇವೆ. ಆದ್ದರಿಂದ ಈ ಎರಡರಲ್ಲಿ ಒಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಆದರೆ ಎಲೆ ದುಂಡಗಿದ್ದು, ತುದಿ ಚೂಪಾಗಿರದೆ, ನರದ ಸುಳಿವೇ ಇಲ್ಲದೆ, ಇಡೀ ಸಸ್ಯ ಹೀಗೆ ಚಪ್ಪಟೆಯಾಗಿ ಮಲಗಿದ್ದರೆ ಅನುಮಾನ ಮೊದಲು ಲಿವರ್‌ವರ್ಟ್ ಕಡೆಗೇ ಹೋಗಬೇಕು. ಸಸ್ಯ ತೊಗಟೆಯನ್ನು ಕಚ್ಚಿಕೊಳ್ಳುವ ಕೂದಲಿನಂಥ ಎಳೆಯನ್ನು, ಅಂದರೆ ಬೇರುರೋಮವನ್ನು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಳಿದ ಅನುಮಾನವೂ ಹೋಗುತ್ತದೆ. ಲಿವರ್‌ವರ್ಟ್‌ನ ಬೇರುರೋಮ ಒಂದೇ ಜೀವಕೋಶದ ಉದ್ದನೆಯ ನಳಿಗೆ. ಹಾವಸೆಯದು ಅಡ್ಡಗೋಡೆಗಳಿರುವ, ಹಲವು ಜೀವಕೋಶಗಳ ಎಳೆ.

ಇನ್ನು ಹೆಸರಿನ ಮಾತು. ನೀವು ಮಾಡಬೇಕಾದ ಮೊದಲ ಕೆಲಸ ಒಂದು ಕವಲನ್ನು ನೀರಿನಲ್ಲಿ ನೆನೆಸಿ, ಸ್ಲೈಡಿನ ಮೇಲೆ ಬೋರಲು ಹಾಕುವುದು. ತೊಗಟೆಯ ಮೇಲಿನ ಎಲೆ ಲಿವರ್‌ವರ್ಟ್‌ಗಳಲ್ಲಿ ಮುಖ ಇರುವುದು ಹೊಟ್ಟೆಯ ಕಡೆಗೆ. ಮೇಲಿನಿಂದ ಎಲ್ಲವೂ ಅಕ್ಕತಂಗಿಯರಂತೆ ಕಾಣುತ್ತವೆ. ಕಾಂಡದ ಅಡಿಯಲ್ಲಿ ಮೂರನೆಯ ಸಾಲಾಗಿ ಚಿಕ್ಕ ‘ಅಡಿಎಲೆ’ಗಳು ಇವೆಯೋ ಇಲ್ಲವೋ ನೋಡಿ. ಪಕ್ಕದ ಎಲೆಯ ಒಂದು ಭಾಗ ಅಡಿಗೆ ಮಡಚಿಕೊಂಡು ‘ಕಿರುಹಾಲೆ’ ಆಗಿದೆಯೇ, ಆಗಿದ್ದರೆ ಅದರ ಆಕಾರವೇನು ಎಂದು ನೋಡಿ. ಬೇರುರೋಮಗಳು ಹೊರಡುವ ಜಾಗವನ್ನೂ ಗುರುತಿಸಿ. ಬಹಳ ಜನ ಈ ಕೊನೆಯದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಪರಿತಪಿಸುತ್ತಾರೆ.

ಮೇಲ್ಮಗ್ಗುಲಿನಿಂದ ತಿಳಿಯಬೇಕಾದದ್ದೂ ಒಂದಿದೆ: ಎಲೆಗಳು ಒಂದರ ಮೇಲೊಂದು ಕುಳಿತಿರುವ ಕ್ರಮ. ಕವಲಿನ ತುದಿಯನ್ನು ನಿಮ್ಮಿಂದ ಆಚೆಗೆ ಇಟ್ಟುಕೊಂಡು, ಮಾಡಿನ ನೆತ್ತಿ ಅಲ್ಲಿದೆ ಎಂದು ಭಾವಿಸಿ. ಹೆಂಚು ಹೊದಿಸಿದಂತೆ ಮೇಲಿನ ಎಲೆಯ ಕೆಳಅಂಚು ಕೆಳಗಿನ ಎಲೆಯನ್ನು ಮುಚ್ಚಿದ್ದರೆ ಅದು ‘ಸಕ್ಯೂಬಸ್’ ಜೋಡಣೆ. ಇದಕ್ಕೆ ತಿರುಗುಮುರುಗಾಗಿ, ಮಳೆ ಬಂದರೆ ನೀರು ಒಳಗೆ ಇಳಿಯುವಂತೆ, ಕೆಳಗಿನ ಎಲೆಯ ಮುಂಅಂಚೇ ಮೇಲಿನ ಎಲೆಯ ಮೇಲೆ ಹತ್ತಿ ಕುಳಿತಿದ್ದರೆ ಅದು ‘ಇನ್‌ಕ್ಯೂಬಸ್’. ನನ್ನ ಕಣ್ಣಿಗೆ ನಿಮ್ಮ ಎರಡನೆಯ ಚಿತ್ರ ಇನ್‌ಕ್ಯೂಬಸ್ ಎಂದೇ ಕಾಣುತ್ತದೆ. ಹಾಗಿದ್ದರೆ ಲೋಫೋಕೋಲಿಯಾ, ಪ್ಲಾಜಿಯೋಕೈಲಾ ಮುಂತಾದ ಸಕ್ಯೂಬಸ್ ಬಳಗ ಇಲ್ಲಿಗೇ ಹೊರಗುಳಿಯುತ್ತದೆ. ಉಳಿಯುವ ಅಭ್ಯರ್ಥಿಗಳು ಲೆಜೂನಿಯಾ, ಫ್ರುಲ್ಲಾನಿಯಾ, ರಾಡುಲಾ, ಪೊರೆಲ್ಲಾ. ಸದ್ಯಕ್ಕೆ ನನ್ನ ಒಲವೂ ಲೆಜೂನಿಯಾ ಕಡೆಗೇ ಇದೆ.

ಕಂದುಚಿಗುರು:

ಕ್ಷಮಿಸಿ, ಇಷ್ಟೊಂದು ವಿಚಾರಣೆ ಬೇಕೇ? ಇದು ಫ್ರುಲ್ಲಾನಿಯಾ. ಮರದ ತೊಗಟೆಗೆ ಹೀಗೆ ಅಂಟಿಕೊಂಡು ಹರಡುವುದು ಅದೇ. ನಾನು ಹತ್ತಾರು ಬಾರಿ ನೋಡಿದ್ದೇನೆ.

ನಿಧಾನಿ:

ಕಂದುಚಿಗುರು ಅವರೇ, ತೊಗಟೆಗೆ ಅಂಟಿಕೊಂಡು ಹರಡುವುದು ಈ ನಾಲ್ಕೂ ಕುಲಗಳ ಸ್ವಭಾವ, ಅದರಿಂದ ಯಾವುದೂ ತೀರ್ಮಾನವಾಗದು. ಫ್ರುಲ್ಲಾನಿಯಾದ ಹಲವು ಪ್ರಭೇದಗಳು ಕಂದು ಇಲ್ಲವೇ ಕೆಂಗಂದು ಬಣ್ಣಕ್ಕೆ ತಿರುಗುತ್ತವೆ ಎಂಬುದು ನಿಜ. ಆದರೆ ದಟ್ಟ ನೆರಳಿನಲ್ಲಿ ಬೆಳೆದದ್ದು ಹಸಿರಾಗಿಯೇ ಉಳಿಯುವುದೂ ಉಂಟು, ಆದ್ದರಿಂದ ಬಣ್ಣದ ಸಾಕ್ಷ್ಯ ದುರ್ಬಲ. ತೊಗಟೆಯೋದುಗರು ಅಡಿಮಗ್ಗುಲನ್ನು ನೋಡಿ ಬರಲಿ. ಹೆಸರು ಎಲ್ಲಿಗೂ ಓಡಿಹೋಗುವುದಿಲ್ಲ.

ತೊಗಟೆಯೋದುಗ:

ನೋಡಿದೆ. ಫಲಿತಾಂಶದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ.

ಎಲೆಗಳು ಇನ್‌ಕ್ಯೂಬಸ್ ಎಂಬುದು ಖಚಿತ. ಚಿಮುಟದ ತುದಿಯನ್ನು ಕವಲಿನ ಬುಡದಿಂದ ತುದಿಯತ್ತ ಮೆಲ್ಲಗೆ ಎಳೆದರೆ ಅದು ಎಲೆಗಳ ಮೇಲೆ ಜಾರಿ ಹೋಗದೆ, ಪ್ರತಿಯೊಂದು ಎಲೆಯ ಮುಂಅಂಚನ್ನು ದಾಟಿದ ಕೂಡಲೇ ಒಂದು ಮೆಟ್ಟಿಲು ಇಳಿದಂತೆ ಕೆಳಗೆ ಬೀಳುತ್ತಿತ್ತು. ಬೋರಲು ಹಾಕಿದಾಗ ಮೂರನೆಯ ಸಾಲು ಕಾಣಲಿಲ್ಲ. ಪ್ರತಿ ಎಲೆಯ ಬುಡದಲ್ಲಿ ಚೌಕಾಕಾರದ ಒಂದು ಪುಟ್ಟ ಮಡಿಕೆ ಇದೆ, ದುಂಡನೆಯ ದೊಡ್ಡ ಹಾಲೆಗೆ (ಎಲೆಯ ಮುಖ್ಯ ಭಾಗಕ್ಕೆ) ಹೊಲಿದ ಅಂಗಿಜೇಬಿನಂತೆ. ಅಡಿಎಲೆ ನಿಜಕ್ಕೂ ಇಲ್ಲವೋ, ತೊಗಟೆಯಿಂದ ಎಬ್ಬಿಸುವಾಗ ನಾನೇ ಕಿತ್ತುಹಾಕಿದೆನೋ ಹೇಳಲಾರೆ.

ತಪ್ಪೊಪ್ಪಿಗೆ ಇಷ್ಟೇ: ಮಾದರಿಯನ್ನು ಮೂರು ದಿನ ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಇಟ್ಟು ಮರೆತಿದ್ದೆ. ನೀರು ಹಾಕಿದ ಕೂಡಲೇ ಎಲೆಗಳು ಬಿಚ್ಚಿಕೊಂಡು ಹೊಸದರಂತೆಯೇ ಕಂಡವು. ಆದರೆ ಜೀವಕೋಶಗಳ ಒಳಗೆ ಪುಸ್ತಕದಲ್ಲಿ ಹೇಳುವ ತೈಲಕಾಯಗಳ ಗುರುತೇ ಇರಲಿಲ್ಲ. ಮಸುಕು ಹಸಿರು ಗಸಿಯಷ್ಟೇ ಉಳಿದಿತ್ತು.

ನಿಧಾನಿ:

ಈ ತಪ್ಪನ್ನು ಮಾಡದವರು ನಮ್ಮಲ್ಲಿ ಯಾರೂ ಇರಲಾರರು. ತೈಲಕಾಯ ಎಂಬುದು ಪೊರೆಯೊಂದರಿಂದ ಆವೃತವಾದ, ಸುಗಂಧತೈಲದಂಥ ವಸ್ತುಗಳು ತುಂಬಿರುವ ಕೋಶಾಂಗ. ಲಿವರ್‌ವರ್ಟ್‌ಗಳಲ್ಲಿ ಬಿಟ್ಟರೆ ಬೇರೆ ಯಾವ ಸಸ್ಯದಲ್ಲಿಯೂ ಅದು ಈ ರೂಪದಲ್ಲಿ ಇಲ್ಲ. ಸಸ್ಯ ಒಣಗುತ್ತಿದ್ದಂತೆ ಅದು ಕರಗಿ ಹೋಗುತ್ತದೆ, ನೀರು ಹಾಕಿದರೂ ಮರಳಿ ಬಾರದು. ಎಲೆಯ ಆಕಾರ, ಕಿರುಹಾಲೆ, ಜೀವಕೋಶದ ಗೋಡೆ, ಮೂಲೆಗಳ ದಪ್ಪ, ಇವೆಲ್ಲವೂ ನೂರು ವರ್ಷದ ಹಳೆಯ ಮಾದರಿಯಲ್ಲಿಯೂ ನೋಡಸಿಗುತ್ತವೆ. ತೈಲಕಾಯ ಮಾತ್ರ ಹಸಿಯಾಗಿರುವಾಗಲೇ ಹೇಳಬೇಕಾದದ್ದನ್ನು ಹೇಳಿ ಮುಗಿಸುವ ಸಾಕ್ಷಿ. ಆದ್ದರಿಂದ ಮತ್ತೊಮ್ಮೆ ಹೋಗಿ ಹೆಬ್ಬೆರಳಿನ ಉಗುರಿನಷ್ಟು ತುಣುಕನ್ನು ತೇವವಾಗಿಯೇ ಪುಟ್ಟ ಡಬ್ಬಿಯಲ್ಲಿ ತನ್ನಿ, ಅದೇ ದಿನ ನೋಡಿ. ಚಾಪೆ ಅಂಗೈಯಗಲವೇ ಇರುವುದರಿಂದ ಅದಕ್ಕಿಂತ ಹೆಚ್ಚು ಕೀಳುವುದು ಬೇಡ.

ಅಡಿಎಲೆಯ ವಿಷಯದಲ್ಲಿ ನಿಮ್ಮ ಶಂಕೆ ಸರಿಯಾದದ್ದೇ. ಎಷ್ಟೋ ಪ್ರಭೇದಗಳಲ್ಲಿ ಬೇರುರೋಮಗಳು ಅಡಿಎಲೆಯ ಬುಡದಿಂದಲೇ ಹೊರಟು ತೊಗಟೆಯನ್ನು ಕಚ್ಚಿಕೊಂಡಿರುತ್ತವೆ, ಕವಲನ್ನು ಎಳೆದಾಗ ಅಡಿಎಲೆ ಅಲ್ಲಿಯೇ ಉಳಿದುಬಿಡಬಹುದು. ಆದ್ದರಿಂದ ಕವಲಿನ ನಡುಭಾಗವನ್ನು ನಂಬದೆ, ತೊಗಟೆಯನ್ನು ಇನ್ನೂ ಕಚ್ಚದ ಎಳೆಯ ತುದಿಯ ನಾಲ್ಕೈದು ಜೋಡಿ ಎಲೆಗಳ ನಡುವೆ ಹುಡುಕಿ. ಅಲ್ಲಿಯೂ ಇಲ್ಲವೆಂದರೆ ಇಲ್ಲವೆಂದೇ ಲೆಕ್ಕ.

ನೀವು ಹೇಳಿದ ‘ಚೌಕಾಕಾರದ ಅಂಗಿಜೇಬು’ ನನ್ನ ಕಿವಿ ನಿಮಿರಿಸಿತು. ಈ ನಾಲ್ಕು ಕುಲಗಳ ನಡುವಿನ ವ್ಯಾಜ್ಯವೆಲ್ಲ ಬಹುಮಟ್ಟಿಗೆ ಕಿರುಹಾಲೆಯಲ್ಲಿಯೇ ಇತ್ಯರ್ಥವಾಗುತ್ತದೆ. ಫ್ರುಲ್ಲಾನಿಯಾದಲ್ಲಿ ಅದು ಶಿರಸ್ತ್ರಾಣದಂತೆ ಇಲ್ಲವೇ ಬಾಯಿ ಕೆಳಗಾದ ಗಡಿಗೆಯಂತೆ ಉಬ್ಬಿಕೊಂಡು, ದೊಡ್ಡ ಹಾಲೆಗೆ ಕಿರಿದಾದ ತೊಟ್ಟಿನಿಂದ ಮಾತ್ರ ಅಂಟಿಕೊಂಡು, ಬಿಡಿಯಾಗಿ ಜೋತುಬಿದ್ದಂತೆ ಕಾಣುತ್ತದೆ. ಅಡಿಎಲೆ ಇರುತ್ತದೆ, ಸಾಮಾನ್ಯವಾಗಿ ಅದರ ತುದಿ ಸೀಳಿ ಎರಡಾಗಿರುತ್ತದೆ. ಪೊರೆಲ್ಲಾದಲ್ಲಿ ಕಿರುಹಾಲೆ ಉಬ್ಬದೆ ನಾಲಗೆಯಂತೆ ಚಪ್ಪಟೆಯಾಗಿ ಕಾಂಡಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ, ಅಡಿಎಲೆಯೂ ಸೀಳಿಲ್ಲದೆ ದೊಡ್ಡದಾಗಿರುತ್ತದೆ. ಹೀಗಾಗಿ ಅಡಿಯಿಂದ ನೋಡಿದರೆ ಐದು ಸಾಲು ಎಲೆಗಳಿವೆಯೇನೋ ಎಂಬ ಭ್ರಮೆ ಹುಟ್ಟುತ್ತದೆ. ಗಾತ್ರದಲ್ಲಿಯೂ ಅದು ನಿಮ್ಮ ಸಸ್ಯಕ್ಕಿಂತ ದಪ್ಪನೆಯ ಆಸಾಮಿ. ಲೆಜೂನಿಯಾದಲ್ಲಿ ಕಿರುಹಾಲೆ ದೊಡ್ಡ ಹಾಲೆಗೆ ಉದ್ದನೆಯ ಮಡಿಕೆಗೆರೆಯ ಉದ್ದಕ್ಕೂ ಅಂಟಿಕೊಂಡು, ಗಾಳಿ ತುಂಬಿದ ಚೀಲದಂತೆ ಉಬ್ಬಿ, ತೆರೆದ ಅಂಚಿನ ತುದಿಯಲ್ಲಿ ಒಂದು ಪುಟ್ಟ ಹಲ್ಲನ್ನು ಹೊಂದಿರುತ್ತದೆ. ಎರಡು ಸೀಳಿನ ಅಡಿಎಲೆ ಅದರಲ್ಲಿಯೂ ಉಂಟು. ರಾಡುಲಾದಲ್ಲಿ ಅಡಿಎಲೆಯೇ ಇಲ್ಲ. ಕಿರುಹಾಲೆ ಹೆಚ್ಚುಕಡಿಮೆ ಚೌಕವಾಗಿ, ದೊಡ್ಡ ಹಾಲೆಗೆ ಒತ್ತಿಕೊಂಡಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬೇರುರೋಮಗಳು ಕಾಂಡದಿಂದಲ್ಲ, ಆ ಕಿರುಹಾಲೆಯ ಮಧ್ಯದಿಂದಲೇ ಕುಚ್ಚಾಗಿ ಹೊರಡುತ್ತವೆ.

ಅಡಿಎಲೆ ಇಲ್ಲವೆಂಬ ಒಂದೇ ಕಾರಣಕ್ಕೆ ರಾಡುಲಾ ಎಂದು ಹಾರಿಬೀಳಬೇಡಿ. ಲೆಜೂನಿಯಾದ ಕುಟುಂಬಕ್ಕೇ ಸೇರಿದ ಕೋಲೋಲೆಜೂನಿಯಾದಲ್ಲಿಯೂ ಅಡಿಎಲೆ ಇಲ್ಲ. ಆದರೆ ಅದರ ಹಲವು ಪ್ರಭೇದಗಳು ಒಂದು ಮಿ.ಮೀ. ಅಗಲವನ್ನೂ ಮುಟ್ಟುವುದಿಲ್ಲ, ಬೇರುರೋಮಗಳು ಹೊರಡುವುದೂ ಕಾಂಡದಿಂದಲೇ. ಅದಕ್ಕೇ ಹಸಿರುಮಸೂರ ಅವರು ಬೇರುರೋಮದ ಜಾಗವನ್ನು ಕೇಳಿದ್ದು. ನಿಮ್ಮ ವರದಿಯಲ್ಲಿ ಅದೊಂದೇ ಬಿಟ್ಟುಹೋಗಿದೆ.

ಕಂದುಚಿಗುರು:

ಶಿರಸ್ತ್ರಾಣ ಇಲ್ಲದಿದ್ದರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಾನು ಇಷ್ಟು ದಿನ ಫ್ರುಲ್ಲಾನಿಯಾ ಎಂದು ಬರೆದಿಟ್ಟ ಲಕೋಟೆಗಳೊಳಗಿನ ಮಾದರಿಗಳನ್ನು ನಿನ್ನೆ ರಾತ್ರಿ ಒಂದೊಂದಾಗಿ ಬೋರಲು ಹಾಕಿ ನೋಡಿದೆ. ಒಂಬತ್ತರಲ್ಲಿ ಎರಡಕ್ಕೆ ಶಿರಸ್ತ್ರಾಣವೇ ಇಲ್ಲ! ಒಂದು ಪ್ರಶ್ನೆ: ಫ್ರುಲ್ಲಾನಿಯಾದ ಎಲೆಯ ನಡುವೆ ಸಾಲಾಗಿ ಕೆಂಪು ಚುಕ್ಕೆಗಳು ಕಂಡರೆ ಅದು ರೋಗವೇ?

ನಿಧಾನಿ:

ರೋಗವಲ್ಲ. ಅವು ‘ಒಸೆಲ್ಲಸ್’ ಎನ್ನುವ ವಿಶೇಷ ಜೀವಕೋಶಗಳು. ಉಳಿದ ಜೀವಕೋಶಗಳಿಗಿಂತ ದೊಡ್ಡವು, ಒಳಗೆ ಒಂದೇ ದೊಡ್ಡ ತೈಲಕಾಯ ತುಂಬಿಕೊಂಡಿರುತ್ತವೆ. ಫ್ರುಲ್ಲಾನಿಯಾ ಟ್ಯಾಮರಿಸ್ಕಿಯಲ್ಲಿ ಅವು ಎಲೆಯ ನಡುವೆ ಗೆರೆ ಎಳೆದಂತೆ ಕಾಣುತ್ತವೆ, ಫ್ರುಲ್ಲಾನಿಯಾ ಡೈಲಟೇಟಾದಲ್ಲಿ ಇರುವುದಿಲ್ಲ. ಇದಕ್ಕೆ ಬೇರೆಯೇ ಚರ್ಚೆ ತೆರೆಯಿರಿ, ಬಂದು ಬರೆಯುತ್ತೇನೆ.

ತೊಗಟೆಯೋದುಗ:

ನಿನ್ನೆ ಬೆಳಿಗ್ಗೆ ಹೊಸ ತುಣುಕು ತಂದೆ, ಮಧ್ಯಾಹ್ನದೊಳಗೆ ನೋಡಿ ಮುಗಿಸಿದೆ.

ಎಳೆಯ ತುದಿಗಳು ಆರನ್ನು ನೋಡಿದೆ, ಒಂದರಲ್ಲಿಯೂ ಅಡಿಎಲೆ ಇಲ್ಲ. ಕಿರುಹಾಲೆ ದೊಡ್ಡ ಹಾಲೆಯ ಉದ್ದದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮೂಲೆ ಮೊಂಡಾದ ಚೌಕ, ಮಡಿಕೆಗೆರೆಯ ಹತ್ತಿರ ಮಾತ್ರ ತುಸು ಉಬ್ಬು. ಬೇರುರೋಮಗಳ ವಿಷಯಕ್ಕೆ ಬಂದರೆ, ಮೊದಲ ಅರ್ಧ ಗಂಟೆ ನನಗೆ ಏನೂ ತಿಳಿಯಲಿಲ್ಲ, ಏಕೆಂದರೆ ಅವು ತೊಗಟೆಯ ಧೂಳಿನೊಂದಿಗೆ ಸೇರಿ ಗಂಟಾಗಿದ್ದವು. ಮೃದುವಾದ ಕುಂಚದಿಂದ ನೀರಿನಲ್ಲಿ ತೊಳೆದ ಮೇಲೆ ನೋಡಿದರೆ, ಕಾಂಡ ಬೋಳಾಗಿದೆ! ಕುಚ್ಚು ಹೊರಟಿರುವುದು ಜೇಬಿನ ಮಧ್ಯದಿಂದ, ಅಲ್ಲಿ ಕಂದುಬಣ್ಣದ ಪುಟ್ಟ ಉಬ್ಬೊಂದು ಇದೆ. ಎಲ್ಲ ಎಲೆಗಳಲ್ಲಿ ಹೀಗಿಲ್ಲ. ತೊಗಟೆಯನ್ನು ಮುಟ್ಟಿದ ಎಲೆಗಳಲ್ಲಿ ಮಾತ್ರ ಇದೆ.

ತೈಲಕಾಯ ಕಂಡಾಗ ನಿಜಕ್ಕೂ ಮಾತು ಹೊರಡಲಿಲ್ಲ. ನಾನೂರುಪಟ್ಟಿನಲ್ಲಿ ಪ್ರತಿ ಜೀವಕೋಶದಲ್ಲಿ ಒಂದೊಂದು, ಅಪರೂಪಕ್ಕೆ ಎರಡು. ತಿಳಿಗಂದು ಬಣ್ಣ, ದುಂಡನೆಯ ಇಲ್ಲವೇ ಮೊಟ್ಟೆಯಾಕಾರದ ಮೈ, ರವೆ ಮೆತ್ತಿದಂಥ ಮೇಲ್ಮೈ. ಜೀವಕೋಶದ ಬಹುಭಾಗವನ್ನು ಅದೇ ಆಕ್ರಮಿಸಿಕೊಂಡಿತ್ತು, ಹಸಿರು ಕಣಗಳೆಲ್ಲ ಗೋಡೆಗೆ ಒತ್ತರಿಸಿಕೊಂಡು ನಿಂತಿದ್ದವು. ಪತ್ರಿಕೆಯ ಮಡಿಕೆಯಲ್ಲಿ ನಾನು ಕಳೆದುಕೊಂಡದ್ದು ಇದನ್ನೇ ಎಂದು ಆಗ ಅರಿವಾಯಿತು.

ಇನ್ನೊಂದು ಮಾತು. ಹುಳ ತಿಂದ ಅಂಚು ಎಂದಿದ್ದೆನಲ್ಲ, ಅದು ಹುಳದ ಕೆಲಸವಲ್ಲ. ಅಂಚಿನ ಉದ್ದಕ್ಕೂ ಹಲವು ಜೀವಕೋಶಗಳ ಚಪ್ಪಟೆ ಬಿಲ್ಲೆಗಳು ಒಂದರ ಪಕ್ಕ ಒಂದು ಬೆಳೆದು ನಿಂತಿವೆ. ಕವರ್ ಸ್ಲಿಪ್ಪನ್ನು ಸ್ವಲ್ಪ ಒತ್ತಿದಾಗ ಒಂದು ಬಿಲ್ಲೆ ಕಳಚಿಕೊಂಡು, ನೀರಿನಲ್ಲಿ ನಿಧಾನವಾಗಿ ಹೊರಳುತ್ತಾ, ನೋಟದ ವೃತ್ತದಿಂದ ಆಚೆಗೆ ತೇಲಿಹೋಯಿತು.

ಹಸಿರುಮಸೂರ:

ಅಲ್ಲಿಗೆ ಲೆಜೂನಿಯಾ ಬಿದ್ದುಹೋಯಿತು, ಜೊತೆಗೆ ನನ್ನ ಒಲವೂ. ಇದು ರಾಡುಲಾ. ತೇಲಿಹೋದ ಬಿಲ್ಲೆ ಜೆಮ್ಮಾ. ಗಂಡುಹೆಣ್ಣಿನ ಹಂಗಿಲ್ಲದೆ ಸಸ್ಯ ತನ್ನನ್ನು ಹರಡಿಕೊಳ್ಳುವ ಉಪಾಯ. ತೊಗಟೆಯ ಇನ್ನೊಂದು ಮೂಲೆಯಲ್ಲಿ ಅಂಟಿಕೊಂಡರೆ ಅದೇ ಹೊಸ ಸಸ್ಯವಾಗುತ್ತದೆ. ಕಿರುಹಾಲೆಯಿಂದ ಹೊರಟ ಬೇರುರೋಮ, ಅಡಿಎಲೆ ಇಲ್ಲದಿರುವುದು, ಜೀವಕೋಶಕ್ಕೆ ಒಂದೆರಡೇ ಇರುವ ದೊಡ್ಡ ಕಂದು ತೈಲಕಾಯ, ಇವು ಮೂರೂ ಒಟ್ಟಿಗೆ ಇರುವಾಗ ಕುಲದ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ.

ಪ್ರಭೇದದ ಹೆಸರು ಬೇರೆಯೇ ಕಥೆ. ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ರಾಡುಲಾ ಕಾಂಪ್ಲನೇಟಾ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿಯೇ ಇದನ್ನು ಯುಂಗರ್ಮಾನಿಯಾ ಕಾಂಪ್ಲನೇಟಾ ಎಂದು ಹೆಸರಿಸಿದ್ದ, 1831ರಲ್ಲಿ ಸಸ್ಯವಿಜ್ಞಾನಿ ಡುಮೊರ್ಟಿಯೇ ಅದನ್ನು ರಾಡುಲಾ ಕುಲಕ್ಕೆ ತಂದ. ಕಾಂಪ್ಲನೇಟಾ ಎಂದರೆ ಚಪ್ಪಟೆಯಾದದ್ದು. ಆದರೆ ರಾಡುಲಾ ಲಿಂಡೆನ್‌ಬರ್ಗಿಯಾನಾ ಎಂಬ ಇನ್ನೊಂದು ಪ್ರಭೇದದ ಎಲೆ, ಕಿರುಹಾಲೆ, ಗಾತ್ರ ಎಲ್ಲವೂ ಇದರ ಪಡಿಯಚ್ಚು, ಅದೂ ಅಷ್ಟೇ ಚಪ್ಪಟೆ. ಜೆಮ್ಮಾ ಇರುವುದೂ ನಿರ್ಣಾಯಕವಲ್ಲ. ಅವೆರಡನ್ನು ಬೇರ್ಪಡಿಸುವುದು ಗಂಡು ಹೆಣ್ಣು ಅಂಗಗಳ ಏರ್ಪಾಟು: ಕಾಂಪ್ಲನೇಟಾದಲ್ಲಿ ಎರಡೂ ಒಂದೇ ಕವಲಿನ ಮೇಲೆ ಇರುತ್ತವೆ, ಲಿಂಡೆನ್‌ಬರ್ಗಿಯಾನಾದಲ್ಲಿ ಗಂಡು ಸಸ್ಯ ಬೇರೆ, ಹೆಣ್ಣು ಸಸ್ಯ ಬೇರೆ.

ಹೊಸಬ_ಒಬ್ಬ:

ಗುರುತಿಸುವ ಮೊಬೈಲ್ ಆ್ಯಪಿಗೆ ಆ ಮೊದಲ ಚಿತ್ರವನ್ನೇ ಕೊಟ್ಟೆ. ಒಂದು ಸಲ ಲೆಜೂನಿಯಾ ಎಂದಿತು, ಚಿತ್ರವನ್ನು ಸ್ವಲ್ಪ ಕತ್ತರಿಸಿ ಕೊಟ್ಟಾಗ ರಾಡುಲಾ ಎಂದಿತು. ಯಾವುದನ್ನು ನಂಬಬೇಕು?

ಹಸಿರುಮಸೂರ:

ಎರಡನ್ನೂ ನಂಬಬೇಡಿ. ಮೇಲಿನಿಂದ ನೋಡಿದಾಗ ನಾನೂ ಲೆಜೂನಿಯಾ ಎಂದೇ ಹೇಳಿದ್ದೆ. ಚಿತ್ರದಲ್ಲಿ ಇಲ್ಲದ ಲಕ್ಷಣವನ್ನು ಆ್ಯಪೂ ನೋಡಲಾರದು, ನಾನೂ ನೋಡಲಾರೆ.

ನಿಧಾನಿ:

ತೊಗಟೆಯೋದುಗರೇ, ಈಗ ಹುಡುಕಬೇಕಾದದ್ದು ಪೆರಿಯಾಂತ್. ಮೊಟ್ಟೆಕೋಶವನ್ನೂ ಮುಂದೆ ಬೆಳೆಯುವ ಬೀಜಕಕೋಶವನ್ನೂ ಕಾಪಾಡುವ ಆ ಕೊಳವೆ ರಾಡುಲಾದಲ್ಲಿ ವಿಶಿಷ್ಟವಾಗಿರುತ್ತದೆ: ಕಾಲಿನಲ್ಲಿ ತುಳಿದ ಕಹಳೆಯಂತೆ ಚಪ್ಪಟೆ, ಬಾಯಿ ಅಗಲ, ತುದಿ ಕತ್ತರಿಯಿಂದ ನೇರವಾಗಿ ಕತ್ತರಿಸಿದಂತೆ. ಲೆಜೂನಿಯಾದ ಐದು ಏಣಿನ ಪೆರಿಯಾಂತ್ ಆಗಲಿ, ಫ್ರುಲ್ಲಾನಿಯಾದ ಕೊಕ್ಕಿರುವ ಪೆರಿಯಾಂತ್ ಆಗಲಿ ಇದನ್ನು ಹೋಲುವುದಿಲ್ಲ. ಅದು ಸಿಕ್ಕರೆ ಅದರ ಕೆಳಗಿನ ಒಂದೆರಡು ಜೋಡಿ ಎಲೆಗಳನ್ನು ನೋಡಿ. ಅವುಗಳ ಕಿರುಹಾಲೆಗಳು ಉಳಿದವಕ್ಕಿಂತ ಹೆಚ್ಚು ಉಬ್ಬಿ ಪುಟ್ಟ ಚೀಲಗಳಂತಿದ್ದರೆ ಅವು ಗಂಡು ಅಂಗಗಳನ್ನು ಹೊತ್ತ ಎಲೆಗಳು.

ಇಲ್ಲಿ ಎಡವುವವರೇ ಹೆಚ್ಚು. ಚಾಪೆಯಲ್ಲಿ ಹತ್ತಾರು ಸಸ್ಯಗಳ ಕವಲುಗಳು ಹೆಣೆದುಕೊಂಡಿರುತ್ತವೆ. ಗಂಡು ಕವಲೊಂದು ಹೆಣ್ಣು ಕವಲಿನ ಅಡಿಯಲ್ಲಿ ನುಸುಳಿ ಹೋಗಿದ್ದರೆ, ಎರಡೂ ಒಂದೇ ಎಂದು ಕಣ್ಣು ನಂಬಿಬಿಡುತ್ತದೆ. ಆದ್ದರಿಂದ ಪೆರಿಯಾಂತಿನಿಂದ ಕೆಳಮುಖವಾಗಿ ಒಂದೇ ಕಾಂಡವನ್ನು ಎರಡು ಸೂಜಿಗಳಿಂದ ಬಿಡಿಸಿ, ಅಕ್ಕಪಕ್ಕದ್ದನ್ನೆಲ್ಲ ತೆಗೆದುಹಾಕಿ, ಆ ಮೇಲಷ್ಟೇ ‘ಒಂದೇ ಕವಲು’ ಎಂದು ಬರೆಯಿರಿ.

ತೊಗಟೆಯೋದುಗ:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲೆರಡು ಸಲ ಪೆರಿಯಾಂತ್ ಸಿಗಲಿಲ್ಲ. ಜೆಮ್ಮಾ ಹೇರಳವಾಗಿದ್ದ ಭಾಗದಲ್ಲಿಯೇ ಹುಡುಕುತ್ತಿದ್ದೆ. ಆಮೇಲೆ ಚಾಪೆಯ ಇನ್ನೊಂದು ಅಂಚಿನಲ್ಲಿ, ಎಲೆಯಂಚು ನಯವಾಗಿದ್ದ ಕಡೆ, ಐದಾರು ತುಳಿದ ಕಹಳೆಗಳು ಕಂಡವು. ಒಂದರ ಬಾಯಿಂದ ಗಾಜಿನೆಳೆಯಂಥ ಬಿಳಿಯ ತೊಟ್ಟು ಹೊರಬಂದು, ಅದರ ತುದಿಯ ಕಂದು ಬೀಜಕಕೋಶ ನಾಲ್ಕಾಗಿ ಬಿರಿದಿತ್ತು. ಮರುದಿನ ಹೋಗುವಷ್ಟರಲ್ಲಿ ಆ ತೊಟ್ಟು ಸೋತು ಮಲಗಿತ್ತು.

ಎರಡು ಕಾಂಡಗಳನ್ನು ಸೂಜಿಯಿಂದ ಬಿಡಿಸಿದೆ. ಮೊದಲನೆಯದು ಅರ್ಧದಲ್ಲಿ ತುಂಡಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದರಲ್ಲಿ ಪೆರಿಯಾಂತಿನ ಕೆಳಗೆ ನೇರವಾಗಿ ಎರಡು ಜೋಡಿ ಉಬ್ಬಿದ ಕಿರುಹಾಲೆಗಳಿವೆ, ಅದೇ ಕಾಂಡದ ಮೇಲೆ, ಬೇರೆ ಕವಲಿನ ಸಂಪರ್ಕವಿಲ್ಲದೆ. ಒಂದು ಚೀಲವನ್ನು ಬಿಡಿಸಿದಾಗ ಒಳಗೆ ಬತ್ತಿಹೋದ ತೊಟ್ಟಿನಂಥ ಅವಶೇಷ ಸಿಕ್ಕಿತು. ಹಾಗಾದರೆ ಕಾಂಪ್ಲನೇಟಾ ಎನ್ನಬಹುದಲ್ಲವೇ?

ನಿಧಾನಿ:

ಬಹಳ ಒಳ್ಳೆಯ ಕೆಲಸ. ಲಿಂಡೆನ್‌ಬರ್ಗಿಯಾನಾ ಈಗ ಹೊರಗಾಯಿತು. ಆದರೂ ನಾನಾಗಿದ್ದರೆ ಕುಲನಾಮದ ನಂತರ ‘ಸಿ.ಎಫ್.’ ಸೇರಿಸಿ ಆಮೇಲೆ ಕಾಂಪ್ಲನೇಟಾ ಎನ್ನುತ್ತೇನೆ. ‘ಇದರೊಂದಿಗೆ ಹೋಲಿಸಿ ನೋಡಿ’ ಎಂಬುದು ಅದರ ತಾತ್ಪರ್ಯ. ರಾಡುಲಾ ಕುಲದಲ್ಲಿ ಇನ್ನೂರರ ಆಸುಪಾಸಿನಷ್ಟು ಪ್ರಭೇದಗಳಿವೆ, ನಾವು ಇಲ್ಲಿ ಎದುರುಬದುರು ನಿಲ್ಲಿಸಿದ್ದು ಎರಡನ್ನು ಮಾತ್ರ. ನೀವಿರುವ ಪ್ರದೇಶದಲ್ಲಿ ದಾಖಲಾಗಿರುವ ರಾಡುಲಾಗಳ ಪಟ್ಟಿಯನ್ನೂ ಲಕ್ಷಣಗಳನ್ನು ಒಂದೊಂದಾಗಿ ಹೋಲಿಸಿ ಹೆಸರಿಗೆ ತಲುಪಿಸುವ ಗುರುತಿನ ಕೀಲಿಯನ್ನೂ ಇಟ್ಟುಕೊಂಡು, ಗಂಡು ಹೆಣ್ಣು ಒಂದೇ ಕವಲಿನಲ್ಲಿರುವ ಉಳಿದ ಪ್ರಭೇದಗಳನ್ನು ತಳ್ಳಿಹಾಕಿದ ದಿನ ಆ ಎರಡಕ್ಷರವನ್ನು ತೆಗೆದುಹಾಕಿ. ಬಿಡಿಸಿದ ಕಾಂಡದ ಚಿತ್ರವನ್ನು ಬರೆದು ಲಕೋಟೆಯೊಳಗೆ ಇಡಿ. ತೈಲಕಾಯದ ಚಿತ್ರವನ್ನಂತೂ ತಪ್ಪದೆ ಇಡಿ, ಏಕೆಂದರೆ ಲಕೋಟೆ ತೆರೆಯುವ ಮುಂದಿನವರಿಗೆ ಅದನ್ನು ನೋಡಲು ಬೇರೆ ದಾರಿಯಿಲ್ಲ.

ತೊಗಟೆಯೋದುಗ:

ಆಗಲಿ. ಲಕೋಟೆಯ ಮೇಲೆ ಹೀಗೆ ಬರೆದಿದ್ದೇನೆ: ‘ರಾಡುಲಾ ಸಿ.ಎಫ್. ಕಾಂಪ್ಲನೇಟಾ. ನೆರಳಿನ ತೊಗಟೆ, ನೆಲದಿಂದ ಸುಮಾರು 1.3 ಮೀ. ಕವಲಿನ ಅಗಲ 1.5ರಿಂದ 2 ಮಿ.ಮೀ. ಇನ್‌ಕ್ಯೂಬಸ್; ಅಡಿಎಲೆ ಇಲ್ಲ (6 ತುದಿ). ಬೇರುರೋಮ ಕಿರುಹಾಲೆಯಿಂದ. ತೈಲಕಾಯ 1, ಅಪರೂಪಕ್ಕೆ 2, ತಿಳಿಗಂದು, ಹಸಿಯಲ್ಲಿ ನೋಡಿದ್ದು. ಅಂಚಿನಲ್ಲಿ ಬಿಲ್ಲೆಯಾಕಾರದ ಜೆಮ್ಮಾ. ಪೆರಿಯಾಂತಿನ ಕೆಳಗೆ ಗಂಡು ಎಲೆಗಳು 2 ಜೋಡಿ, ಒಂದೇ ಕಾಂಡ (1ರಲ್ಲಿ ಪರಿಶೀಲಿಸಿದೆ).’ ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರೆದಿದ್ದ ‘ಲೆಜೂನಿಯಾ’ವನ್ನು ಅಳಿಸಿಲ್ಲ, ಓದಲು ಬರುವಂತೆ ಒಂದೇ ಗೆರೆ ಎಳೆದಿದ್ದೇನೆ.